ಚಿಕ್ಕಮಾದಪ್ಪನವರ ಕೊಡೆ

ಆರೋಗ್ಯ ಇಲಾಖೆಯ ಚಿಕ್ಕಮಾದಪ್ಪನವರು ಕೊಳ್ಳೇಗಾಲ, ಹನೂರು, ಯಳಂದೂರಿನ ಯಾವ ಕಾಲೇಜಿಗೆ ಮಾದಕ ವಸ್ತುಗಳ ಬಗ್ಗೆ ತಿಳಿವಳಿಕೆ ಹೇಳಲು ಹೋದರೂ ತಮ್ಮ ಕೊಡೆಯನ್ನು ಅಲ್ಲೇ ಬಿಟ್ಟು ಬರುತ್ತಾರೆ. ಬಿರುಬೇಸಿಗೆಯಲ್ಲೂ ಅವರ ಕಂಕುಳಲ್ಲಿ ಕೊಡೆ ಇರಲೇಬೇಕು. ಭಾಷಣವೂ ಹಳೆಯದೇ. ಶ್ವಾಸಕೋಶದ ಪಟವನ್ನು ಗೋಡೆಗೆ ತೂಗುಹಾಕಿ, "ನೋಡ್ರಪ್ಪಾ, ಗಾಂಜಾ ಮೊದ್ಲು ನೆಂಟನಂಗೆ ಬತ್ತದೆ, ಆಮೇಲೆ ಯಜಮಾನನಂಗೆ ಕುಂತ್ಕತದೆ" ಎನ್ನುತ್ತಾರೆ. ಹಿಂದಿನ ಬೆಂಚಿನವರು ಆ ಮಾತನ್ನು ಅವರಿಗಿಂತ ಮೊದಲೇ ಹೇಳಿ ನಗುತ್ತಾರೆ, ಅವರೂ ನಗುತ್ತಾರೆ. "ಯಾರಿಗಾರ ಏನಾರ ಕೇಳದದಾ?" ಎಂದರೆ ಮಾತ್ರ ಒಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ. ಅಷ್ಟು ಜನರ ಎದುರಿಗೆ ಯಾರು ತಾನೇ ಬಾಯಿ ಬಿಟ್ಟಾರು? ಆಗ ಕೊಡೆಯನ್ನು ಕಿಟಕಿಗೆ ಸಿಕ್ಕಿಸಿ, ಪಟ ಸುತ್ತಿಕೊಂಡು ಬಸ್ ಸ್ಟಾಂಡಿಗೆ ನಡೆದುಬಿಡುತ್ತಾರೆ. ವಯಸ್ಸಾಯಿತು, ಮರೆವು ಎಂದು ಪ್ರಿನ್ಸಿಪಾಲರು ಮರುಗುತ್ತಾರೆ. "ಬಿಚ್ಚಕ್ಕೂ ಬಾರದ ಕೊಡೆ, ಬಿಸಾಕಿ ಅತ್ಲಾಗೆ" ಎಂದು ಹೆಂಡತಿ ಶಿವರತ್ನಮ್ಮ ಗದರಿದರೆ, "ಬಿಸಾಕ್ಬುಟ್ರೆ ನನ್ ಹಿಂದೆ ಒಬ್ನೇ ಬರಕ್ಕೆ ಯಾರಿಗೂ ನೆಪ ಇರಕಿಲ್ಲ ಕಣಮ್ಮಿ" ಎನ್ನುತ್ತಾರೆ. ಎಷ್ಟೋ ಸಲ ಕೊಡೆ ತಂದುಕೊಡುವವನು ಜವಾನನೇ. ಮೊನ್ನೆ ಹನೂರಿನಲ್ಲಿ ಮಾತ್ರ, ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹುಡುಗನೇ ಏದುಸಿರು ಬಿಡುತ್ತ ಬಸ್ ಸ್ಟಾಂಡಿಗೆ ಓಡಿಬಂದ. "ಸಾ, ಕೊಡೆ ಬುಟ್ಬುಟ್ಟು ಬಂದಿದ್ರಿ." ಕೊಟ್ಟ ಮೇಲೂ ಅವನು ಕದಲಲಿಲ್ಲ. ನೆಲ ನೋಡುತ್ತ, "ಸಾ, ಅದ ಬುಡಕ್ಕೆ ಆಯ್ತದಾ?" ಎಂದ. "ಆಯ್ತದೆ ಕಣ್ಲಾ. ಆಸ್ಪತ್ರೇಲಿ ಡಾಕ್ಟ್ರವ್ರೆ, ನಾನೂ ಜೊತೇಲಿ ಬತ್ತೀನಿ." ಅಷ್ಟರಲ್ಲಿ ಕೊಳ್ಳೇಗಾಲದ ಬಸ್ಸು ಬಂತು. "ಅತ್ತಿ ಸಾ" ಎಂದು ಕಂಡಕ್ಟರ್ ಕೂಗಿದ. ಚಿಕ್ಕಮಾದಪ್ಪನವರು ಕೈಯಾಡಿಸಿ ಬಸ್ಸನ್ನು ಕಳಿಸಿ, ಕೊಡೆಯನ್ನು ಬೆಂಚಿನ ಕೆಳಕ್ಕೆ ತಳ್ಳಿ, ಅವನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.