ಅತ್ತೆ ಕೂತರೆ ಕೂಡುವ ಕೊಂಡಿ

ಮಾನ್ವಿಯಲ್ಲಿ ನಮ್ಮದು ಮದುವೆಗೆ ಪಾತ್ರೆ ಬಾಡಿಗೆ ಕೊಡುವ ಅಂಗಡಿ. ಹಂಡೆ, ಕೊಪ್ಪರಿಗೆ ಸಾಗಿಸಲು ನನ್ನ ಗಂಡ ಹಳೆಯದೊಂದು ಸಣ್ಣ ಟ್ರಾಲಿ ತಂದರು. ಅದನ್ನು ಎಳೆಯಲು ಜೀಪಿನ ಹಿಂದೆ ಕೊಂಡಿ ಬೇಕು. ವೆಲ್ಡಿಂಗ್ ಅಂಗಡಿಯವನು ಕರೆದರೆ ಬರುತ್ತಿದ್ದ. ಆದರೆ ನಮ್ಮವರು ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿಬಿಟ್ಟಿದ್ದರು. ಇನ್ನು ಅವರನ್ನು ಹಿಡಿಯುವವರಾರು?

ಮರುದಿನ ರಾಯಚೂರಿನಲ್ಲಿ ಮದುವೆ. ಹುಡುಗಿಯ ಅಜ್ಜಿ ನಮ್ಮ ಅತ್ತೆಯ ಗೆಳತಿ. ಬಾಗಲವಾಡದಲ್ಲಿ ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಪಾತ್ರೆಯೂ ನಮ್ಮದೇ. ಅತ್ತೆ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದ್ದರು. ಮಗನಾದ ನಮ್ಮವರು ಮಾತ್ರ, "ನಿನ್ನ ಮೊಣಕಾಲಿಗಿ ಜೀಪು ಆಗಂಗಿಲ್ಲ ಬೇ, ಮನ್ಯಾಗ ಇರು," ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಸೊಂಟದ ಎಲೆಚೀಲ ಬಿಚ್ಚಿ, ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತರು. ಅವರು ಸುಮ್ಮನಾದರೇ ನನಗೆ ಹೆದರಿಕೆ.

ಜೀಪಿನ ತುಂಬ ಮಸರಕಲ್ಲಿನ ಬೀಗರ ಜೋಳದ ಚೀಲಗಳಿದ್ದವು. "ಇವನ್ನ ಮೊದ್ಲು ಇಳಸ್ರಿ," ಎಂದೆ.

"ಸುಮ್ನಿರು, ನಿನಗೇನು ಗೊತ್ತಾಗ್ತದ," ಎಂದವರು ಪಾನಾ ಹಿಡಿದು ಜೀಪಿನ ಕೆಳಗೆ ತೂರಿದರು. ಟ್ರಾಲಿಯ ಮೂತಿಯ ಎತ್ತರಕ್ಕೆ ಸರಿಯಾಗಿ ಕೊಂಡಿ ಕೂಡಿಸಿ, ಪಾನಾದಿಂದ ಬೋಲ್ಟು ಬಿಗಿದು, ಸಂಜೆಗೆ ಮೀಸೆ ತಿರುವುತ್ತ ಹೊರಬಂದರು. ಅತ್ತೆ ತಾವೇ ಕೊಂಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, "ಪೂಜಿ ಆದ ಕಬ್ಬಣ ಒಂದ್ ಊರು ಕಾಣೂತನಕ ಬಿಚ್ಚಬಾರದು ನೋಡಪಾ," ಎಂದರು. ಅಂಥ ಶಾಸ್ತ್ರವನ್ನು ನಾನು ಕೇಳಿದ್ದು ಅಂದೇ ಮೊದಲು.

ಬೆಳಿಗ್ಗೆ ಬೀಗರು ಬಂದು ಚೀಲಗಳನ್ನು ಒಯ್ದರು. ಭಾರ ಇಳಿದದ್ದೇ ತಡ, ಜೀಪಿನ ಹಿಂಭಾಗ ಮೇಲೆದ್ದಿತು, ಜೊತೆಗೆ ಕೊಂಡಿಯೂ. ಟ್ರಾಲಿಯನ್ನು ಎತ್ತಿ ಸಿಕ್ಕಿಸಿದರೆ ಅದು ಹಿಂದಕ್ಕೆ ವಾಲಿ ಕೊಪ್ಪರಿಗೆಗಳು ಜಾರುತ್ತಿದ್ದವು. ಬಿಚ್ಚೋಣವೆಂದರೆ ಪೂಜೆಯಾಗಿದೆ. ನಮ್ಮವರು ಭಾರಕ್ಕೆಂದು ಕಲ್ಲು ಹುಡುಕತೊಡಗಿದರು.

"ಮದುವಿ ಮನಿಗಿ ಯಾರರ ಕಲ್ಲು ಹೇರ್ಕೊಂಡು ಹೋಗ್ತಾರೇನಪಾ?" ಎನ್ನುತ್ತ ಅತ್ತೆ ಒಳಗಿನಿಂದ ಬಂದರು. ಇಳಕಲ್ ಸೀರೆ ಆಗಲೇ ಮೈಮೇಲಿತ್ತು. ನನ್ನ ಹೆಗಲು ಹಿಡಿದು ಹತ್ತಿ ಜೀಪಿನ ಹಿಂದೆ ಕೂತರು. ಕೊಂಡಿ ಅರ್ಧ ಇಳಿಯಿತು. "ನೀನೂ ಹತ್ತು ಯವ್ವಾ," ಎಂದರು. ಹತ್ತಿದೆ. ಕೊಂಡಿ ಜಾಗಕ್ಕೆ ಬಂತು. ನಮ್ಮವರು ಟ್ರಾಲಿಯ ಮೂತಿ ಸಿಕ್ಕಿಸಿ ಪಿನ್ನು ಹಾಕಿದರು.

ರಾಯಚೂರಿನಲ್ಲಿ ಆ ಗೆಳತಿಯರು ಒಬ್ಬರ ಕೈ ಒಬ್ಬರು ಹಿಡಿದು, ಊಟಕ್ಕೆ ಕರೆಯುವ ತನಕ ಬಿಡಲಿಲ್ಲ. ನೋಡಿ ನನ್ನ ಕಣ್ಣು ತುಂಬಿತು.

ಮನೆಗೆ ಬಂದ ಮೇಲೆ, ಕೊಂಡಿ ಬಿಚ್ಚಿ ಕೆಳಗೆ ಕೂಡಿಸಬೇಕೆಂದು ನಮ್ಮವರು ಪಾನಾ ಹುಡುಕಿದರು.

"ಎಲ್ಲ್ಯರ ನೋಡೀಯೇನು ಬೇ?"

"ನನಗೇನು ಗೊತ್ತಾಗ್ತದಪಾ," ಎಂದರು ಅತ್ತೆ.

ಅವರ ಎಲೆಚೀಲ ಅಂದು ಯಾಕೋ ಬಹಳ ಭಾರವಾಗಿತ್ತು. ಮುಂದಿನ ವಾರ ದೇವದುರ್ಗದಲ್ಲಿ ಇನ್ನೊಂದು ಮದುವೆ ಇತ್ತು. ಆ ಚೀಲವನ್ನು ಎತ್ತಿ, ನಮ್ಮವರು ಎಂದೂ ಕೈಹಾಕದ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.