ಸಡಿಲ ಬಿಟ್ಟ ಲೆಕ್ಕ

ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಆಕೆಯ ತಾಯಿ ಕೃತಕ ಹಲ್ಲಿನ ಸೆಟ್ಟು ತಯಾರಿಸುತ್ತಿದ್ದವರು. ಮೇಲಿನದು ಕೆಳಗಿನದಕ್ಕೆ ಎಲ್ಲಿ ತಾಗುತ್ತದೆ, ಎಲ್ಲಿ ಒತ್ತುತ್ತದೆ ಎಂದು ನೋಡುವುದನ್ನು ಮಗಳು ಅಡುಗೆಮನೆಯ ಮೇಜಿನ ಬಳಿಯೇ ಕಲಿತಳು. ಮುಂದೆ ರೇಖಾಗಣಿತ ಓದಿ, ಪ್ರೋಟೀನುಗಳ ಆಕಾರ ಅಳೆಯುವ ಕೆಲಸಕ್ಕೆ ಸೇರಿದಳು.

ಒಂದೊಂದು ಪ್ರೋಟೀನೂ ಸಾವಿರಾರು ಪರಮಾಣುಗಳ ಮುದ್ದೆ. ಆಕೆಯ ಪ್ರೋಗ್ರಾಂ ಅದರ ಉಬ್ಬುತಗ್ಗುಗಳನ್ನು ಪುಟ್ಟ ತ್ರಿಕೋನಗಳಾಗಿ ಗುರುತಿಸಿ, ಇನ್ನೊಂದು ಪ್ರೋಟೀನಿನ ಪಕ್ಕ ಇಟ್ಟು, ಲಕ್ಷ ಬಗೆಯಲ್ಲಿ ಹೊರಳಿಸಿ, ಎರಡೂ ಎಲ್ಲಾದರೂ ಹೊಂದುತ್ತವೆಯೇ ಎಂದು ಹುಡುಕುತ್ತಿತ್ತು.

ಮುಖ್ಯಸ್ಥರಿಗೆ ಒಂದೇ ಹಟ. ತಾವು ರೂಪಿಸಿದ ಪುಟ್ಟ ಪ್ರೋಟೀನು, ಮೂತ್ರಪಿಂಡ ಕೆಡಿಸುವ ದೊಡ್ಡ ಪ್ರೋಟೀನಿನ ಗುಳಿಯಲ್ಲಿ ಕೂತು ಅದನ್ನು ತಡೆಯಬೇಕು. ಅದು ಕೂರಲಿಲ್ಲ. ಹೇಗೆ ಹೊರಳಿಸಿದರೂ ಪರಮಾಣುಗಳು ಒಂದರೊಳಗೊಂದು ನುಗ್ಗುತ್ತಿದ್ದವು.

"ಸ್ವಲ್ಪ ಸಡಿಲ ಬಿಡಮ್ಮ. ಪ್ರೋಟೀನು ಕಲ್ಲಲ್ಲ, ಬಾಗುತ್ತೆ."

"ಬಾಗೋದಕ್ಕೆ ಎಷ್ಟು ಬೇಕೋ ಅಷ್ಟು ಬಿಟ್ಟಿದ್ದೀನಿ ಸರ್. ಇನ್ನೂ ಬಿಟ್ಟರೆ ಬೀರು ಗೋಡೆಯೊಳಗೇ ಹೋಗಿ ಕೂತ ಹಾಗಾಗುತ್ತೆ."

ತಾಯಿಯ ಆಪರೇಷನ್ನಿಗೆಂದು ಆಕೆ ಮೂರು ವಾರ ರಜೆ ಹಾಕಿದಳು. ಮರಳಿ ಬಂದಾಗ ಅವೇ ಎರಡು ಪ್ರೋಟೀನುಗಳು ತಬ್ಬಿಕೊಂಡ ಬಣ್ಣದ ಚಿತ್ರ ಮೆಟ್ಟಿಲ ಬಳಿ ಗೋಡೆಯ ಮೇಲಿತ್ತು. ಲೇಖನ ಆಕೆಯ ಹೆಸರನ್ನೂ ಹೊತ್ತು ವಿಜ್ಞಾನ ಪತ್ರಿಕೆಗೆ ಹೋಗಿತ್ತು. ಪ್ರೋಗ್ರಾಂ ತೆರೆದು ನೋಡಿದರೆ ಪರಮಾಣುಗಳು ಒಂದರೊಳಗೊಂದು ನುಗ್ಗಬಹುದಾದ ಮಿತಿಯನ್ನು ಮೂರು ಪಟ್ಟು ಸಡಿಲಿಸಲಾಗಿತ್ತು. ಬದಲಿಸಿದವರ ಗುರುತೂ ಅಲ್ಲೇ ದಾಖಲಾಗಿತ್ತು: ಮುಖ್ಯಸ್ಥರದು.

"ನಿನ್ನ ಹೆಸರೂ ಹಾಕಿದ್ದೀನಲ್ಲಮ್ಮ, ಇನ್ನೇನು ಬೇಕು?" ಎಂದು ಅವರು ನಕ್ಕರು.

ತಾಯಿ ಇನ್ನೂ ಆಸ್ಪತ್ರೆಯಲ್ಲಿದ್ದರು. ಲೆಕ್ಕದಕ್ಕ ಹಲ್ಲು ಕಚ್ಚಿ ಸುಮ್ಮನಾದಳು.

ಎಂಟು ತಿಂಗಳು ಕಳೆಯಿತು. ಲೇಖನ ಅಚ್ಚಾಯಿತು. ಕೆಳಗಿನ ಕೋಣೆಯ ಲ್ಯಾಬ್ ಟೆಕ್ನಿಷಿಯನ್, ಎರಡು ಮಕ್ಕಳ ತಾಯಿ, ಅಷ್ಟು ದಿನವೂ ಆ ಎರಡು ಪ್ರೋಟೀನುಗಳನ್ನು ನಳಿಗೆಯಲ್ಲಿ ಬೆರೆಸಿ ಬೆರೆಸಿ ಸೋತಿದ್ದಳು. ಅವು ಒಂದಕ್ಕೊಂದು ಅಂಟಲೇ ಇಲ್ಲ. "ಚಿತ್ರದಲ್ಲಿ ಕೂತಿದ್ದು ನಿನ್ನ ನಳಿಗೇಲಿ ಯಾಕೆ ಕೂರಲ್ಲ? ನಿನ್ನ ಕೈಯೇ ನೆಟ್ಟಗಿಲ್ಲ," ಎಂದು ಮುಖ್ಯಸ್ಥರು ಎಲ್ಲರೆದುರು ಬೈದು ಕೆಲಸದಿಂದ ತೆಗೆದರು.

ಆಕೆ ತೊಟ್ಟಿಯ ಬಳಿ ಕೊನೆಯ ನಳಿಗೆಗಳನ್ನು ತೊಳೆಯುತ್ತಾ ಕೇಳಿದಳು: "ಅಕ್ಕಾ, ನಾನು ಎಲ್ಲಿ ತಪ್ಪಿದೆ? ಹೇಳಿ, ತಿದ್ಕೋತೀನಿ."

ಲೆಕ್ಕದಕ್ಕನ ಮೈಯೆಲ್ಲ ಉರಿದುಹೋಯಿತು. ಮುಖ್ಯಸ್ಥರ ಮೇಲೆಷ್ಟೋ ತನ್ನ ಮೇಲೂ ಅಷ್ಟೇ.

ಸೋಮವಾರದ ಸಭೆಯಲ್ಲಿ ಆ ಚಿತ್ರವನ್ನೇ ಪರದೆಯ ಮೇಲೆ ಹಿಗ್ಗಿಸಿದಳು. "ಇದು ಕೂತಿರೋದಲ್ಲ, ತೂರಿರೋದು. ಇಲ್ಲಿ, ಇಲ್ಲಿ, ನೂರಾ ಹನ್ನೆರಡು ಕಡೆ."

"ಕೂತ್ಕೊಳಮ್ಮ, ಇದಕ್ಕೆ ಇದು ಸಮಯ ಅಲ್ಲ."

"ಸಮಯ ಎಂಟು ತಿಂಗಳ ಹಿಂದೆಯೇ ಆಗಿತ್ತು ಸರ್! ಆಗ ನಾನು ಬಾಯಿ ಮುಚ್ಕೊಂಡೆ. ಅದಕ್ಕೇ ಕೆಳಗಿನ ಕೋಣೆಯವಳ ಕೆಲಸ ಹೋಯ್ತು!"

ಆಕೆ ಪತ್ರಿಕೆಗೂ ಬರೆದಳು. ಕೊನೆಗೆ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಆದರೆ ಪ್ರಕಟಣೆಯಲ್ಲಿ ಇದ್ದದ್ದು 'ಲೆಕ್ಕ ಮಾಡಿದವರ ಪ್ರಮಾದ' ಎಂದು. ಲೆಕ್ಕದಕ್ಕ ದಾಖಲೆ ಲಗತ್ತಿಸಿ ವಾರಕ್ಕೊಂದರಂತೆ ನಾಲ್ಕು ತಿಂಗಳು ಪತ್ರ ಬರೆದು, ಮಿತಿ ಸಡಿಲಿಸಿದ್ದು ಮುಖ್ಯಸ್ಥರು, ಆ ಪ್ರೋಟೀನುಗಳು ಹೊಂದುವುದೇ ಇಲ್ಲ ಎಂದು ಅದನ್ನೂ ತಿದ್ದಿಸಿದಳು. ಮುಖ್ಯಸ್ಥರ ಕುರ್ಚಿ ಮಾತ್ರ ಅಲುಗಲಿಲ್ಲ.

ಟೆಕ್ನಿಷಿಯನ್ ಆಗಲೇ ನೀರು ಪರೀಕ್ಷಿಸುವ ಕಡೆ ಸೇರಿಕೊಂಡಿದ್ದಳು. ವಾಪಸ್ ಬಾ ಎಂದು ಲೆಕ್ಕದಕ್ಕ ಕರೆದರೆ ಒಲ್ಲೆನೆಂದು ತಲೆಯಾಡಿಸಿದಳು. "ಆ ಮೆಟ್ಟಿಲು ಮತ್ತೆ ಹತ್ತಲ್ಲ ಅಕ್ಕಾ. ಆ ತಿದ್ದಿದ ಕಾಗದದ್ದು ಒಂದು ಪ್ರತಿ ಕೊಡಿ ಸಾಕು. ನಮ್ಮ ಅತ್ತೆಗೆ ಓದಿ ಹೇಳ್ಬೇಕು, ನನ್ನ ಕೈ ನೆಟ್ಟಗೇ ಇತ್ತು ಅಂತ."