ಹಡಗಿಗೆ ನಾಲ್ಕು ಮಂದಿ

ವಾಡಿ ಜಂಕ್ಷನ್ನಿನಲ್ಲಿ ಬೆಳೆದವರು ಸುಲಭವಾಗಿ ಸಿಕ್ಕ ಟಿಕೆಟ್ಟನ್ನು ನಂಬುವುದಿಲ್ಲ. ವೇಟಿಂಗ್ ಲಿಸ್ಟ್ ಇರಬೇಕು, ಅದು ನಿಧಾನಕ್ಕೆ ಇಳಿಯಬೇಕು, ಚಾರ್ಟ್ ಆಗುವವರೆಗೆ ಊಟ ರುಚಿಸಬಾರದು. ಅದು ಪ್ರಯಾಣ. ಹಾಗಾಗಿ ಗ್ರೀಸ್ ದೇಶದ ಪಾರೋಸ್ ಎಂಬ ದ್ವೀಪದಿಂದ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿಗೆ ಹೋಗುವ ಹಡಗಿನಲ್ಲಿ ಬೇಕಾದಷ್ಟು ಸೀಟು ಖಾಲಿ ಇವೆ ಎಂದು ನನ್ನ ಮೊಬೈಲು ತೋರಿಸಿದಾಗ, ಅಪ್ಪ ಕನ್ನಡಕವನ್ನು ಹಣೆಗೆ ಏರಿಸಿ, "ಇದರಾಗ ಏನೋ ಅದ" ಎಂದ.

ಹಡಗು ಹತ್ತಬೇಕಾದವಳು ಅತ್ತೆ, ಅಪ್ಪನ ಅಕ್ಕ. ಚಿತ್ತಾಪುರದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಮದುವೆಯಾಗಿಲ್ಲ, ಆ ಬಗ್ಗೆ ಯಾರೂ ಕೇಳದಂತೆ ನೋಡಿಕೊಂಡಿದ್ದಾಳೆ. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಚುಕ್ಕೆ ಇಟ್ಟು "ಇವು ದ್ವೀಪಗಳು" ಎಂದು ಹೇಳಿದವಳಿಗೆ, ಒಂದಾದರೂ ಚುಕ್ಕೆಯ ಮೇಲೆ ತಾನೇ ನಿಂತು ನೋಡಬೇಕು ಎನ್ನುವ ಆಸೆ. ಜೊತೆಗೆ ಅದೇ ಶಾಲೆಯ ಇಬ್ಬರು ಗೆಳತಿಯರು. ಶಹಾಬಾದದ ಗಣಿತದ ಟೀಚರ್, ಇವರನ್ನು ನಾನು ಖಾಲಾ ಅನ್ನುತ್ತೇನೆ. ಇನ್ನೊಬ್ಬರು ಚಿಂಚೋಳಿಯ ಹಿಂದಿ ಟೀಚರ್, ಮಾತನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವವರು. ಕಲಬುರಗಿಯ ಏಜೆಂಟ್ ಒಬ್ಬ ವೀಸಾ, ವಿಮಾನ, ಉಳಿಯುವ ರೂಮು ಎಲ್ಲ ಮಾಡಿಕೊಟ್ಟು, ದ್ವೀಪದಿಂದ ವಾಪಸು ಬರುವ ಹಡಗನ್ನು ಮಾತ್ರ "ನೀವಽ ನೋಡ್ಕೋರಿ ಮೇಡಂ" ಎಂದು ಬಿಟ್ಟಿದ್ದ. ಎಲ್ಲ ಮಾಡಿದವನು ಇದೊಂದನ್ನು ಯಾಕೆ ಬಿಟ್ಟ ಎಂಬುದು ಅಪ್ಪನ ಮೊದಲನೆಯ ಸಂಶಯ.

ಕೆಲಸ ನನ್ನ ಕುತ್ತಿಗೆಗೆ ಬಂತು. ನಾನು ಸೇಡಂನಲ್ಲಿ ಆನ್‌ಲೈನ್ ಸೆಂಟರ್ ಒಂದರಲ್ಲಿ ಕೂರುತ್ತೇನೆ. ಪಹಣಿ, ಪರೀಕ್ಷೆಯ ಅರ್ಜಿ, ರೈಲು ಟಿಕೆಟ್ಟು, ಏನು ಬೇಕಾದರೂ. ಬಿಡುವಿದ್ದಾಗ ಬಂದವರಂತೆಯೇ ದನಿ ತೆಗೆಯುತ್ತೇನೆ. ಆಡಕಿಯ ಹಿರಿಯರು ಬೆರಳಚ್ಚು ಬೀಳದಿದ್ದಾಗ ಕೆಮ್ಮುವುದು, ಬ್ಯಾಂಕಿನವರು ತಲೆ ಎತ್ತದೆ "ಸರ್ವರ್ ಇಲ್ಲ" ಅನ್ನುವುದು, ಅಪ್ಪ ಸಂಶಯ ಬಂದಾಗ ಮೂಗಿನಿಂದ ಗಾಳಿ ಬಿಡುವುದು, ಎಲ್ಲ ಬರುತ್ತದೆ. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಹಡಗು ತಪ್ಪಿದರೆ ವಿಮಾನ ತಪ್ಪುತ್ತದೆ ಎಂದು ಎಲ್ಲರೂ ಹೆದರುತ್ತಿದ್ದರು. ಅತ್ತೆಯ ಹೆದರಿಕೆ ಬೇರೆ. ತಮ್ಮ ಎಲ್ಲಿ ಜೊತೆಗೆ ಹೊರಟುಬಿಡುತ್ತಾನೋ ಎಂದು. ಅಪ್ಪ ಅವಳನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಿದ್ದ, ತಿರುಪತಿಗೂ ಹೋಗಿದ್ದ. ಎರಡೂ ಕಡೆ ಅವಳು ದೇವರನ್ನು ನೋಡಿದ್ದಕ್ಕಿಂತ ಬ್ಯಾಗುಗಳನ್ನು ನೋಡಿದ್ದೇ ಹೆಚ್ಚು. ಅಪ್ಪ ಪ್ರತಿ ಸ್ಟೇಷನ್ನಿನಲ್ಲೂ ಬ್ಯಾಗು ಎಣಿಸುತ್ತಾನೆ, ಕಿಟಕಿ ಮುಚ್ಚಿಸುತ್ತಾನೆ, ಪಕ್ಕದಲ್ಲಿ ಕುಳಿತವರ ಊರು, ಕುಲ, ಕೆಲಸ ವಿಚಾರಿಸಿ ಆಮೇಲೂ ನಂಬುವುದಿಲ್ಲ. "ಅಂವ ಬಂದ್ರ ನಾ ಸಮುದ್ರ ನೋಡ್ದಂಗಾತು" ಎಂದು ಅತ್ತೆ ನನ್ನೆದುರು ಒಮ್ಮೆ ಅಂದಿದ್ದಳು. ಅಪ್ಪನೋ, ಅಕ್ಕ ಪಾಸ್‌ಪೋರ್ಟ್ ಮಾಡಿಸುವಾಗ "ಇರ್ಲಿ" ಎಂದು ತನ್ನದನ್ನೂ ಮಾಡಿಸಿಕೊಂಡು ಬೀರುವಿನಲ್ಲಿಟ್ಟಿದ್ದ. ಒಂದು ನೆಪ ಸಿಕ್ಕರೆ ಸಾಕಿತ್ತು.

ಆ ನೆಪ ಒದಗಿಸಿದ್ದು ಅತ್ತೆಯದೇ ಫೋನು. ನಾನು ಮನೆಯಲ್ಲಿದ್ದೆ, ಸ್ಪೀಕರ್ ಹಾಕಿದ್ದೆ, ಅಪ್ಪ ಅಲ್ಲೇ ಶೇಂಗಾ ಸುಲಿಯುತ್ತಿದ್ದ.

"ಟಿಕೆಟ್ ಎಷ್ಟು ತಗೀಲಿ ಅತ್ತಿ?"

"ಎರಡು. ಮತ್ತೊಂದು."

"ಅಂದ್ರ ಮೂರು."

"ಹಂಗ್ಯಾಕಂತೀ? ನಾವು ನಾಕು ಮಂದಿ ಹೊಂಟೀವಿ."

"ನಾಕು ಮಂದಿಯಂದ್ರ ನಾಕು ಟಿಕೆಟ್ ಬೇಕಲ್ಲ."

"ನಾಕನೇ ಟಿಕೆಟ್ ಬ್ಯಾಡ. ಅದರ ಚಿಂತಿ ನಿನಗ್ಯಾಕ? ಹೇಳ್ದಷ್ಟು ಮಾಡು ಮಂಗ್ಯಾ." ಫೋನು ಇಟ್ಟಳು.

ಶೇಂಗಾ ಸುಲಿಯುವ ಸದ್ದು ನಿಂತಿತ್ತು. "ನಾಕನೇದವ್ರು ಯಾರು?" ಎಂದ ಅಪ್ಪ. ಟಿಕೆಟ್ಟಿಲ್ಲದೆ ಪ್ರಯಾಣ ಮಾಡುವವರು ನಮ್ಮ ವಾಡಿಗೆ ಹೊಸಬರಲ್ಲ, ಆದರೆ ಗ್ರೀಸಿನಲ್ಲಿ ಹಾಗೆ ಹತ್ತಿ ಬಾಗಿಲಲ್ಲಿ ನಿಲ್ಲಲು ಬಿಡುತ್ತಾರೋ ಇಲ್ಲವೋ ನಮಗೆ ತಿಳಿಯದು. ಅಪ್ಪ ತನ್ನ ತೀರ್ಮಾನ ಹೇಳಿದ. "ಅಂವ ತನ್ನ ಟಿಕೆಟ್ ತಾನಽ ತಗೊಂಡಾನ. ಅಲ್ಲಿ ಬಂದು ಕೂಡ್ತಾನ." ನಾಲ್ಕನೆಯ ಜೀವ ಆಗಲೇ ಗಂಡಸಾಗಿತ್ತು.

ನನಗೂ ಕುತೂಹಲ ತಡೆಯಲಾಗಲಿಲ್ಲ. ಕಲಬುರಗಿಯ ಏಜೆಂಟನ ದನಿ ನನಗೆ ಚೆನ್ನಾಗಿ ಬರುತ್ತದೆ. ಮೂಗಿನಲ್ಲಿ ನೆಗಡಿ ಕಟ್ಟಿಕೊಂಡು ಪ್ರತಿ ಮಾತಿಗೆ "ಏನೂ ಟೆನ್ಷನ್ ಬ್ಯಾಡ್ರಿ ಮೇಡಂ" ಅನ್ನುವುದು. ಮರುದಿನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇರೆ ನಂಬರಿನಿಂದ ಅತ್ತೆಗೆ ಹಚ್ಚಿದೆ.

"ಏನೂ ಟೆನ್ಷನ್ ಬ್ಯಾಡ್ರಿ ಮೇಡಂ. ನಿಮ್ಮ ನಾಕನೇ ಪ್ಯಾಸೆಂಜರ್ ಬಗ್ಗೆ ಸ್ವಲ್ಪ ಮಾಹಿತಿ ಬೇಕಾಗಿತ್ತು."

ಆ ಕಡೆಯಿಂದ ಅತ್ತೆಯ ಪಾಠ ಹೇಳುವ ದನಿ. "ಬರ್ಕೋರಿ. ಶಹಾಬಾದದವ್ರು. ಭಾಳ ಗಟ್ಟಿ ಮನುಷ್ಯಾ. ಬಣ್ಣ ಬೂದು. ಮಾತು ಕಡಿಮಿ. ಊಟದ್ದೇನೂ ತಕರಾರಿಲ್ಲ."

"ವಯಸ್ಸು ಎಷ್ಟ್ರಿ ಮೇಡಂ?"

"ನಿಮಗೂ ನನಗೂ ಎಣಿಸ್ಲಿಕ್ಕಾಗೂದಿಲ್ಲ, ಅಷ್ಟದ."

ಅಪ್ಪನ ಮುಖವೂ ಬೂದು ಬಣ್ಣಕ್ಕೆ ತಿರುಗಿತು. ಅವನು ಶಹಾಬಾದದ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ. ಆ ವಾರವೆಲ್ಲ ಆ ಊರಿನ ವಯಸ್ಸಾದ, ಗಟ್ಟಿಮುಟ್ಟಾದ, ಮಾತು ಕಡಿಮೆಯ ಗಂಡಸರನ್ನೆಲ್ಲ ಓರೆಗಣ್ಣಿನಿಂದ ನೋಡಿದನಂತೆ. ತೊಂದರೆ ಏನೆಂದರೆ, ಕಲ್ಲಿನ ಪುಡಿ ಹಾರುವ ಆ ಊರಿನಲ್ಲಿ ಸಂಜೆಯ ಹೊತ್ತಿಗೆ ಎಲ್ಲ ಗಂಡಸರೂ ಬೂದು ಬಣ್ಣದವರೇ. ಒಂದು ದಿನ ಪೋಸ್ಟ್ ಆಫೀಸಿನ ನಿವೃತ್ತರೊಬ್ಬರ ಮೇಲೆ ಅನುಮಾನ, ಇನ್ನೊಂದು ದಿನ ಎದುರಿನ ಕಾರ್ಖಾನೆಯ ಮಾಲೀಕರ ಮೇಲೆ. "ಅವರು ನನಗ ನಮಸ್ಕಾರ ಮಾಡೂದು ಬಿಟ್ಟಾರ. ಯಾಕ ಬಿಟ್ಟಾರ ಹೇಳು" ಎಂದು ರಾತ್ರಿ ಊಟಕ್ಕೆ ಕುಳಿತಾಗ ಕೇಳಿದ. ಅವನು ಹಾಗೆ ನೋಡುತ್ತಿದ್ದರೆ ಯಾರು ತಾನೆ ನಮಸ್ಕಾರ ಮಾಡುತ್ತಾರೆ?

ರವಿವಾರ ಚಿತ್ತಾಪುರದಲ್ಲಿ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿ ಬುಕಿಂಗ್ ಮಾಡುವುದು ಎಂದು ನಿಶ್ಚಯವಾಯಿತು. ಚಿಂಚೋಳಿಯ ಟೀಚರ್ ಬರಲಾಗದೆ ಫೋನಿನಲ್ಲಿದ್ದರು. ಖಾಲಾ ಬಂದಿದ್ದರು. ಅಪ್ಪ ಪಾಸ್‌ಪೋರ್ಟನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬಂದಿದ್ದ, ತುದಿ ಹೊರಗೆ ಕಾಣುತ್ತಿತ್ತು. ಅತ್ತೆ ಅದನ್ನು ನೋಡಿದಳು, ಅವಲಕ್ಕಿ ತಂದಿಟ್ಟಳು.

ಮೊದಲು ಯಾವ ಹಡಗು ಎನ್ನುವ ಚರ್ಚೆ. ನಾನು ಜೋರಾಗಿ ಓಡುವ ಸಣ್ಣ ಹಡಗನ್ನು ತೋರಿಸಿದೆ, ವಿಮಾನದ ದಿನವೇ ಹೊರಟು ಬಂದರಿನಲ್ಲಿ ಇಳಿದು ನೇರ ವಿಮಾನ ಹಿಡಿಯುವುದು. ವಾಡಿಯಲ್ಲಿ ನಾವು ಒಂದು ರೈಲಿನಿಂದ ಇಳಿದು ಇನ್ನೊಂದಕ್ಕೆ ಓಡುವುದು ಹೀಗೇ.

"ಗಾಳಿ ಜಾಸ್ತಿಯಾದ್ರ ಸಣ್ಣ ಹಡಗು ಮೊದಲು ನಿಲ್ಲಸ್ತಾರಂತ" ಎಂದರು ಖಾಲಾ. ಅವರು ಆಗಲೇ ಎಲ್ಲ ಓದಿಕೊಂಡಿದ್ದರು. "ದೊಡ್ಡದು ಹಿಡಿ ಬೇಟಾ. ಒಂದು ದಿನ ಮೊದಲು ಹೊರಡೂಣು. ನಿನ್ನ ರೈಲಾದ್ರ ನಾವು ಪಟ್ರಿ ಮ್ಯಾಲಾದರೂ ನಡೀಬಹುದು."

"ಮೊದಲಿನ ದಿನ ಏಕಾದಶಿ ಅದ" ಎಂದ ಅಪ್ಪ.

"ಚಲೋ ಆತು. ಹಡಗಿನ ಊಟದ ಚಿಂತಿ ತಪ್ಪಿತು" ಎಂದಳು ಅತ್ತೆ.

ಹೆಸರುಗಳನ್ನು ತುಂಬಲು ಶುರು ಮಾಡಿದೆ. ಅತ್ತೆಯದಾಯಿತು, ಖಾಲಾದಾಯಿತು, ಚಿಂಚೋಳಿಯವರು ಫೋನಿನಲ್ಲಿ ತಮ್ಮ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ತೆಲುಗಿನಲ್ಲಿ ಗದರಿಸುತ್ತ ಹೇಳಿದರು. ಅಷ್ಟರಲ್ಲಿ ಅಪ್ಪನ ಪಾಸ್‌ಪೋರ್ಟ್ ಅವಲಕ್ಕಿಯ ತಟ್ಟೆಯ ಪಕ್ಕಕ್ಕೆ ಬಂದು ಬಿತ್ತು.

"ನಾಕನೇದು ನನ್ನ ಹೆಸರು ಹಾಕು. ವೀಸಾಕ್ಕ ಇನ್ನೂ ಟೈಮ್ ಅದಂತ, ಏಜೆಂಟಗ ಕೇಳೀನಿ. ಆ ಶಹಾಬಾದದಂವ ಯಾರಽ ಇರ್ಲಿ, ನಾ ಇದ್ದಮ್ಯಾಲ ಅವನ ಕೆಲಸ ಇಲ್ಲ."

ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದಳು. ಅವಳ ದ್ವೀಪ ಅವಳ ಕಣ್ಣೆದುರೇ ಮತ್ತೆ ಸೀಮೆಸುಣ್ಣದ ಚುಕ್ಕೆಯಾಗುತ್ತಿದೆ ಎಂದು ನನಗೆ ಅನಿಸಿತು. ನನಗೆ ಯಾರ ದನಿಯೂ ಬರದೇ ಇದ್ದ ಕೆಲವೇ ಗಳಿಗೆಗಳಲ್ಲಿ ಅದೊಂದು.

ಖಾಲಾ ನಿಟ್ಟುಸಿರು ಬಿಟ್ಟು ತಮ್ಮ ಚೀಲಕ್ಕೆ ಕೈ ಹಾಕಿದರು. ವೃತ್ತಪತ್ರಿಕೆಯಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತೆಗೆದು ಅಪ್ಪನ ಪಾಸ್‌ಪೋರ್ಟಿನ ಮೇಲೆ ಇಟ್ಟರು. ಕೈಬೆರಳಷ್ಟು ಉದ್ದದ, ಬೂದು ಬಣ್ಣದ ಶಹಾಬಾದಿ ಕಲ್ಲಿನ ಚೂರು.

"ಇವ್ರಽ ನೋಡ್ರಿ ನಾಕನೇದವ್ರು" ಎಂದರು. "ನಿಮ್ಮಕ್ಕಾರು ಹೇಳಿದ್ರು, ನಾ ತಂದೆ. ಮಾತು ಕಡಿಮಿ ಅಂತ ನಾನೂ ಗ್ಯಾರಂಟಿ ಕೊಡ್ತೀನಿ."

ನಮ್ಮಲ್ಲಿ ಶುಭಕಾರ್ಯಕ್ಕೆ, ದೂರದ ಪ್ರಯಾಣಕ್ಕೆ ಮೂರು ಮಂದಿ ಕೂಡಿ ಹೊರಡುವುದಿಲ್ಲ, 'ಮೂರು' ಎಂದು ಬಾಯಲ್ಲಿ ಅನ್ನುವುದೂ ಇಲ್ಲ. ಹೊರಡಲೇಬೇಕಾದರೆ ಒಂದು ಸಣ್ಣ ಕಲ್ಲನ್ನು ನಾಲ್ಕನೆಯ ಜೀವವೆಂದು ಎಣಿಸಿ ಜೊತೆಗೆ ಒಯ್ಯುತ್ತಾರೆ, ಕೆಲಸ ಮುಗಿದ ಮೇಲೆ ಬಿಟ್ಟುಬಿಡುತ್ತಾರೆ. ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಆದರೆ ಅತ್ತೆ ಗ್ರಹಣ ಹಿಡಿದ ಹೊತ್ತಿನಲ್ಲಿ ಶಾಲೆಯ ಅಂಗಳದ ನಡುವೆ ನಿಂತು, ಮಕ್ಕಳೆಲ್ಲ ನೋಡುವಂತೆ ಬಿಸ್ಕೀಟು ತಿಂದು ತೋರಿಸಿದವಳು. ಅವಳ ಚೀಲದಲ್ಲಿ ಇಂಥ ಕಲ್ಲು ಇರಬಹುದೆಂದು ಯಾರು ನೆನೆಸುತ್ತಾರೆ?

"ಹೇಳಿದ್ರ ಈ ಮಂಗ್ಯಾ ಸೇಡಂತನಕ ನನ್ನ ಆಡ್ಕೋತ ಹೋಗ್ತಿದ್ದ. ಅದಕ್ಕ ಹೇಳ್ಲಿಲ್ಲ" ಎಂದಳು ಅತ್ತೆ ನನ್ನ ಕಡೆ ನೋಡಿ. "ಗ್ರಹಣ ಬ್ಯಾರೆ, ಹಡಗು ಬ್ಯಾರೆ. ಮತ್ತ ಆ ಏಜೆಂಟ ಫೋನ್ ಇಡುವಾಗ ಯಾವತ್ತೂ 'ಇಡ್ತೀನಿ ಅತ್ತಿ' ಅನ್ನೂದಿಲ್ಲ."

ಅಷ್ಟು ಚೆಂದ ನೆಗಡಿ ಕಟ್ಟಿಕೊಂಡು, ಕೊನೆಯ ಮಾತಿನಲ್ಲಿ ನಾನು ಹಾಗೆ ಅಂದಿದ್ದೆನಂತೆ.

ಅಪ್ಪ ಕಲ್ಲನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದ. "ಕಲ್ಲು ನಂಬಿ ಸಮುದ್ರಕ್ಕ ಹೋಗ್ತೀಯೇನು?"

"ನೀ ಕನ್ಯಾ ನೋಡ್ಲಿಕ್ಕೆ ಹೋದಾಗ ನಿನ್ನ ಕಿಸೇದಾಗ ಕಲ್ಲು ಇಟ್ಟಾಕಿ ನಾನು. ಅದರಿಂದ ನಿನಗ ಮದಿವಿನೂ ಆತು, ಈ ಮಂಗ್ಯಾನೂ ಹುಟ್ಟಿದ. ನನ್ನ ಬರೇ ದಂಡಿಗೆ ಮುಟ್ಟಸ್ಲಿಕ್ಕಿಲ್ಲೇನು?"

"ನೀವು ಬಂದ್ರ ನಾಕಾಗ್ತೀವಿ, ಖರೇ" ಎಂದರು ಖಾಲಾ, ಗಣಿತ ಬಿಡಿಸುವವರ ಸಮಾಧಾನದಿಂದ. "ಆದ್ರ ಕಲ್ಲು ಕಿಟಕಿ ಮುಚ್ಚು ಅನ್ನೂದಿಲ್ಲ ನೋಡ್ರಿ."

ಅಪ್ಪ ಬಹಳ ಹೊತ್ತು ಅವಲಕ್ಕಿ ತಿಂದ. ಆಮೇಲೆ ಪಾಸ್‌ಪೋರ್ಟನ್ನು ಕಲ್ಲಿನ ಕೆಳಗಿನಿಂದ ಎಳೆದು ಕಿಸೆಗೆ ಹಾಕಿಕೊಂಡು, ಕಲ್ಲನ್ನು ಎತ್ತಿ ಉಗುರಿನಿಂದ ಕೆರೆದು ನೋಡಿದ. "ಇದು ಪದರು ಬಿಡ್ತದ. ಅರ್ಧ ದಾರ್ಯಾಗ ನಾಕಿದ್ದದ್ದು ಐದಾಗ್ತದ. ನಾ ಕಾರ್ಖಾನ್ಯಾಗಿಂದ ಚಲೋದು ತರ್ತೀನಿ, ಅಂಚು ಉಜ್ಜಿಸಿ. ಚೂಪಿದ್ರ ವಿಮಾನದಾಗ ಬಿಡೂದಿಲ್ಲ." ಅತ್ತೆ ಅವನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದಳು.

ಎರಡು ಮತ್ತೊಂದು ಟಿಕೆಟ್ ಬುಕ್ ಆಯಿತು. ಇ-ಮೇಲಿನಲ್ಲಿ ಬಂದ ಟಿಕೆಟ್ಟಿನಲ್ಲಿ ಇಂಗ್ಲಿಷಿನ ಮೇಲೆ ಒಂದು ಸಾಲು ಗ್ರೀಕ್ ಅಕ್ಷರ. ಅದನ್ನು ಕಂಡು ಅಪ್ಪನ ಮೂಗಿನಿಂದ ಗಾಳಿ ಹೊರಟಿತು. "ಇದೇನಿದು? ಯಾರರ ಮೋಸದಿಂದ ಬರದಿರಬೇಕು." ಖಾಲಾ ಮೊಬೈಲು ತೆಗೆದುಕೊಂಡು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟರು. "ಇದು ಪೈ. ಇದು ಎಪ್ಸಿಲಾನ್. ಇದು ರೋ, ಇದು ಆಲ್ಫಾ, ಕಡೀಕ ಸಿಗ್ಮಾ. ಪಿರೇಯಸ್ ಅಂತಽ ಅದ. ಇವುಗಳ ಕೂಡಽ ನನ್ನ ನೌಕರಿ ಮುಗಿದದ." ಅಪ್ಪ ಆಗ ನಂಬಿದ. ನಾನು ಅಷ್ಟು ವರ್ಷ ಟಿಕೆಟ್ ಮಾಡಿಕೊಟ್ಟರೂ ನನ್ನನ್ನು ಒಮ್ಮೆಯೂ ಹಾಗೆ ನಂಬಿರಲಿಲ್ಲ.

ಹೋದರು. ಗಾಳಿ ಬಂತಂತೆ, ಸಣ್ಣ ಹಡಗುಗಳು ನಿಂತವಂತೆ, ಇವರ ದೊಡ್ಡ ಹಡಗು ಹೊರಟಿತಂತೆ. ಅತ್ತೆ ಹಡಗಿನ ಮೇಲಿಂದ ವಿಡಿಯೋ ಕಾಲ್ ಮಾಡಿದಾಗ ಸೆರಗು ಅವಳ ಮುಖ ಮುಚ್ಚಿ ಸಮುದ್ರವಷ್ಟೇ ಕಾಣುತ್ತಿತ್ತು. "ಬ್ಯಾಗು ಎಷ್ಟವ ಎಣಿಸು" ಎಂದು ಅಪ್ಪ ಕೂಗಿದ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟಳೋ, ನನಗೆ ಇನ್ನೂ ಅನುಮಾನವಿದೆ.

ವಾಪಸು ಬಂದ ಮೇಲೆ ಚಿತ್ತಾಪುರದ ಮನೆಯಲ್ಲಿ ಅಪ್ಪ ಮೊದಲು ಬ್ಯಾಗು ಎಣಿಸಿದ, ಆಮೇಲೆ ಕಲ್ಲು ಕೇಳಿದ. ಅತ್ತೆ ಪರ್ಸಿನಿಂದ ತೆಗೆದುಕೊಟ್ಟಳು. ಅಪ್ಪ ಅದನ್ನು ಬೆಳಕಿಗೆ ಹಿಡಿದ. ಬೆಳ್ಳಗೆ, ಸಕ್ಕರೆಯ ಹರಳಿನಂತೆ ಒಳಗೇ ಮಿನುಗುತ್ತಿತ್ತು.

"ಇದು ನಮ್ಮ ಕಲ್ಲಲ್ಲ."

"ಅಲ್ಲ. ಅವಗ ಅಲ್ಲೇ ಚಲೋ ಅನಿಸ್ತು, ಬರೂದಿಲ್ಲ ಅಂದ. ದಂಡೀ ಮ್ಯಾಲ ಬಿಟ್ಟು ಬಂದ್ವಿ. ಬರೂಮುಂದೂ ನಾವು ಎರಡು ಮತ್ತೊಂದಽ ಅಲ್ಲೇನು? ಅದಕ್ಕ ಇವನ್ನ ಕರ್ಕೊಂಡು ಬಂದ್ವಿ."

"ಕೆಲಸ ಮುಗಿದ ಮ್ಯಾಲ ಬಿಡಬೇಕು. ಮನೀ ಮುಟ್ಟೀರಿ. ಇನ್ನೂ ಯಾಕ ಪರ್ಸಿನ್ಯಾಗ ಇಟ್ಕೊಂಡೀ?"

ಅತ್ತೆ ಬಿಳಿಯ ಕಲ್ಲನ್ನು ಅವನ ಕೈಯಿಂದ ಮೆತ್ತಗೆ ತೆಗೆದುಕೊಂಡು ಮತ್ತೆ ಪರ್ಸಿಗೆ ಹಾಕಿ ಜಿಪ್ ಎಳೆದಳು. "ಕೆಲಸ ಮುಗೀಬೇಕಲ್ಲ" ಎಂದು ಚಹಾ ಇಡಲು ಒಳಗೆ ಹೋದಳು.

ಅಪ್ಪ ನನ್ನ ಕಡೆ ತಿರುಗಿದ. "ಮತ್ತೆಲ್ಲಿಗೆ ಬುಕ್ ಮಾಡೀ?"

"ಎಲ್ಲಿಗೂ ಇಲ್ಲಪ್ಪಾ. ನನಗೇನೂ ಗೊತ್ತಿಲ್ಲ" ಎಂದೆ. ಅದು ನಿಜವೇ ಆಗಿತ್ತು. ಆದರೆ ನಿಜ ಹೇಳುವಾಗಿನ ನನ್ನ ದನಿ ಅಪ್ಪನಿಗೆ ಪರಿಚಯವಿಲ್ಲ. ಅದು ಯಾರ ದನಿ ಎಂದು ಗುರುತು ಹಿಡಿಯುವವನಂತೆ, ಚಹಾ ಬರುವವರೆಗೂ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದ.